ಗೆರೆ ಇಲ್ಲದ ಹೆಬ್ಬೆರಳು

ಗಾದಿಲಿಂಗನ ಬಲಗೈ ಹೆಬ್ಬೆರಳಿಗೆ ಉಗುರಿತ್ತು, ಗೆಣ್ಣಿತ್ತು, ಉಳಿ ಜಾರಿ ಆದ ಹಳೆಯ ಗಾಯದ ಕಲೆಯೂ ಇತ್ತು. ಇಲ್ಲದ್ದು ಗೆರೆ ಮಾತ್ರ. ದೇವರು ಹುಟ್ಟುವಾಗಲೇ ಎಲ್ಲರ ಬೆರಳ ತುದಿಗೂ ಪುಕ್ಕಟೆಯಾಗಿ ಬರೆದು ಕಳಿಸುವ ಸುರುಳಿ ಗೆರೆಗಳನ್ನು ಈ ಮಹಾನುಭಾವ ಮೂವತ್ತು ವರ್ಷ ಸಾಗವಾನಿ ಹಲಗೆಗಳ ಮೇಲೆ ಉಜ್ಜಿ ಉಜ್ಜಿ ಅಳಿಸಿ ಹಾಕಿದ್ದ. ಹಾಗಂತ ಅವನಿಗೇನೂ ಅದರ ಚಿಂತೆ ಇರಲಿಲ್ಲ. ರೇಷನ್ ಅಂಗಡಿಗೆ ಹೆಂಡತಿ ಪಂಪಾವತಿ ಹೋಗುತ್ತಿದ್ದಳು. ಬ್ಯಾಂಕಿನಲ್ಲಿ ಇವನು ಹತ್ತನೇ ಕ್ಲಾಸು ಪಾಸಾದವನ ಠೀವಿಯಲ್ಲಿ ಸಹಿ ಹಾಕುತ್ತಿದ್ದ. ಬೆರಳು ತೋರಿಸು ಎಂದು ಕೇಳಿದವರು ಯಾರೂ ಇರಲಿಲ್ಲ. ಕೇಳಿದ್ದು ಕಂಪನಿ.

ಅವನು ಬಡಗಿ ಕೆಲಸ ಬಿಟ್ಟು ಕಂಪನಿ ಸೇರಿದ್ದು ಶೋಕಿಗಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆಗೆ ಅಂಟಿಕೊಂಡೇ ಅವನ ಅಂಗಡಿ. ತಲೆಬಾಗಿಲಿರಲಿ, ತೊಟ್ಟಿಲಿರಲಿ, ದೇವರ ಮಂಟಪವಿರಲಿ, ಪಾಲಿಶ್ ಪೇಪರಿನ ಕೆಲಸ ಮುಗಿದ ಮೇಲೆ ಬರಿ ಹೆಬ್ಬೆರಳಿನಿಂದ ಹಲಗೆಯನ್ನು ಸವರಿ ನೋಡುವುದು ಅವನ ಪದ್ಧತಿ. ಬೆರಳು ಎಲ್ಲಾದರೂ ಒಂಚೂರು ತಡೆಯಿತೋ, ಮತ್ತೆ ಉಜ್ಜಬೇಕು. ಹೀಗೆ ಉಜ್ಜಿದ ಧೂಳೆಲ್ಲ ಎದೆಗೆ ಇಳಿಯಿತು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ನಿಮ್ಮ ಅಂಗಡ್ಯಾಗ ಇರಬೇಕಾದ ಹೊಟ್ಟು ಅರ್ಧ ಇಲ್ಲೇ ಐತಲ್ರಿ" ಎಂದರು. ಇನ್ನೆರಡು ವರ್ಷ ಹೀಗೇ ಉಜ್ಜಿದರೆ ಮನೆಯ ಮೆಟ್ಟಿಲು ಹತ್ತುವುದಕ್ಕೂ ಉಸಿರು ಸಾಲದು ಎಂದು ಬಿಡಿಸಿಯೇ ಹೇಳಿದರು.

ಪಂಪಾವತಿ ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಗಂಡನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿಕೊಂಡಳು, ಇನ್ನು ಮರ ಮುಟ್ಟಬಾರದು ಎಂದು. ಒಂದೇ ತಿಂಗಳಲ್ಲಿ ಮಿಷನ್ನು, ಹತ್ತರಿ, ಹಲಗೆ ಹಿಡಿಯುವ ಕ್ಲ್ಯಾಂಪು ಎಲ್ಲ ಯಾರ್ಯಾರ ಪಾಲಿಗೋ ಹೋದವು. ಅಂಗಡಿಯ ಬಾಗಿಲಿಗೆ 'ಕೆಲಸ ಬಂದ್ ಆಗಿದೆ' ಎಂಬ ಫಲಕ ಬಿತ್ತು. ಆ ಫಲಕವನ್ನೂ ಅವನು ಅಂಚು ದುಂಡಗೆ ಮಾಡಿ, ಪಾಲಿಶ್ ಹಾಕಿಯೇ ತೂಗುಹಾಕಿದ್ದ. ಬಂದವರು ಓದಿ, "ಇಂಥದ್ದ ಒಂದು ನಮಗೂ ಮಾಡಿಕೊಡ್ರಿ" ಎಂದು ಕೇಳಿ ಹೋಗುತ್ತಿದ್ದರು.

ಕೆಲಸ ಸಿಕ್ಕಿದ್ದು ಸಂಡೂರು ರಸ್ತೆಯಲ್ಲಿ, ಅದಿರು ಸಾಗಿಸುವ ಒಂದು ಕಂಪನಿಯ ಸ್ಟೋರಿನಲ್ಲಿ. ಹೆಲ್ಮೆಟ್ಟು, ಬೂಟು, ನಟ್ಟು, ಬೋಲ್ಟು ಎಣಿಸಿ ಕೊಡುವುದು, ಯಾರಿಗೆ ಕೊಟ್ಟೆ ಎಂದು ಬರೆಯುವುದು. ಹೊರಗೆ ಲಾರಿಗಳು ಕೆಂಪು ಧೂಳೆಬ್ಬಿಸಿದರೆ ಎಬ್ಬಿಸಲಿ, ಸ್ಟೋರಿಗೆ ಗಾಜಿನ ಬಾಗಿಲು, ಒಳಗೆ ಎ.ಸಿ. ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಕಾಲು ಸೊಟ್ಟಗಿದ್ದರೂ ಅದು ಅವನ ತಪ್ಪಲ್ಲ. ಜೀವನದಲ್ಲಿ ಮೊದಲ ಸಲ ಅವನು ತಾನು ಮಾಡದ ಕುರ್ಚಿಯಲ್ಲಿ ನೆಮ್ಮದಿಯಿಂದ ಕೂತಿದ್ದ. ಮೂರೇ ದಿನಕ್ಕೆ ಕೆಮ್ಮು ಅರ್ಧ ಇಳಿದಿತ್ತು.

ಆದರೆ ಗೋಡೆಯ ಮೇಲಿನ ಹಾಜರಿ ಯಂತ್ರ ಅವನನ್ನು ಒಪ್ಪುತ್ತಿರಲಿಲ್ಲ. ಹೊಸಬರು ಅದರಲ್ಲಿ ಬೆರಳಿನ ಗುರುತು ದಾಖಲು ಮಾಡಬೇಕು, ದಾಖಲಾದ ಮೇಲೇ ನೌಕರಿ ಗಟ್ಟಿ. ಗಾದಿಲಿಂಗ ಹೆಬ್ಬೆರಳು ಒತ್ತಿದಾಗಲೆಲ್ಲ ಒಳಗಿನಿಂದ ಒಬ್ಬ ಹೆಂಗಸು 'ಪ್ಲೀಸ್ ಟ್ರೈ ಅಗೇನ್' ಅನ್ನುತ್ತಿದ್ದಳು. ಮೂರು ದಿನದಲ್ಲಿ ಇನ್ನೂರು ಸಲವಾದರೂ ಅಂದಿದ್ದಳು. ಅಷ್ಟು ವಿನಯದಿಂದ ಅವನ ಮರ್ಯಾದೆಯನ್ನು ಈವರೆಗೆ ಯಾರೂ ತೆಗೆದಿರಲಿಲ್ಲ. ಎಡಗೈ ಹೆಬ್ಬೆರಳು ಸುತ್ತಿಗೆ ಏಟಿಗೆ ಎಂದೋ ಜಜ್ಜಿಹೋಗಿತ್ತು. ತೋರುಬೆರಳುಗಳು ಗಾಯದ ಗೀಟುಗಳಿಂದ ತುಂಬಿದ್ದವು. ಉಳಿದ ಬೆರಳು ಆಗುವುದಿಲ್ಲವೇ ಎಂದು ಕೇಳಿದರೆ, ಹಿಂದೆ ಒಬ್ಬ ಡ್ರೈವರು ಕಾಲಿನ ಬೆರಳು ದಾಖಲು ಮಾಡಿ, ದಿನಾ ಬೂಟು ಬಿಚ್ಚಿ ಗೋಡೆಗೆ ಕಾಲು ಎತ್ತುತ್ತಿದ್ದನಂತೆ. ಆವತ್ತಿನಿಂದ ಹೆಬ್ಬೆರಳು, ತೋರುಬೆರಳು ಬಿಟ್ಟು ಬೇರೇನೂ ನಡೆಯದು ಎಂದು ಹೆಡ್ಡಾಫೀಸಿನ ಆಜ್ಞೆಯಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಚ್.ಆರ್. ಮೇಡಂ ಶ್ರೀಲಕ್ಷ್ಮೀ ಅವನನ್ನು ಕರೆದಳು. ಇಪ್ಪತ್ತೇಳರ ಹುಡುಗಿ, ಒಳ್ಳೆಯವಳು. ಆದರೆ ಕಂಪ್ಯೂಟರಿಗೆ ಹೆದರುವಷ್ಟು ಹುಲಿಗೂ ಹೆದರುತ್ತಿರಲಿಲ್ಲ.

"ಸರ, ಇವತ್ತ ಸಂಜಿ ಐದರೊಳಗ ಹೆಬ್ಬೆಟ್ಟು ಏರಬೇಕ್ರಿ," ಎಂದಳು. "ಏರಲಿಲ್ಲಂದ್ರ ನಿಮ್ಮ ಹೆಸರು ತಾನ ಹೋಗಿಬಿಡತೈತಿ. ಲಿಸ್ಟಿನಾಗ ಮುಂದಿನವ್ರನ್ನ ಕರೀಬೇಕಾಗತೈತಿ. ನನ್ನ ಕೈಯಾಗ ಏನೂ ಇಲ್ರಿ."

ಸಹಿ ಬರುತ್ತದೆ, ಚೆನ್ನಾಗಿಯೇ ಬರುತ್ತದೆ, ಬೇಕಾದರೆ ಇಂಗ್ಲಿಷಿನಲ್ಲೂ ಹಾಕುತ್ತೇನೆ ಎಂದು ಗಾದಿಲಿಂಗ ಅಂಗಲಾಚಿದ. ಹೆಬ್ಬೆಟ್ಟಿನವರು ಎಂದು ಊರವರು ನಗಬಾರದೆಂದೇ ಅವನಪ್ಪ ಅವನನ್ನು ಹೊಡೆದು ಬಡಿದು ಹತ್ತನೇ ಕ್ಲಾಸು ದಾಟಿಸಿದ್ದ. ಈಗ ನೋಡಿದರೆ ಓದಿದವರ ಕಂಪನಿಗೆ ಬೇಕಾದದ್ದು ಹೆಬ್ಬೆಟ್ಟೇ. ಶ್ರೀಲಕ್ಷ್ಮೀ ಪಾಪ ಅನ್ನುವ ಮುಖ ಮಾಡಿದಳು, ಅಷ್ಟೇ.

ಸುದ್ದಿ ಕ್ಷಣದಲ್ಲಿ ಸ್ಟೋರಿಗೆ ಮುಟ್ಟಿತು. ಸ್ಟೋರ್ ಕೀಪರ್ ಶೀನಪ್ಪನವರು ರಿಟೈರಾಗಲು ಎಂಟು ತಿಂಗಳಿದ್ದ ಮನುಷ್ಯ. ಅವರಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿರಲಿಲ್ಲ, ಮಾಡಲು ಕೆಲಸವೂ ಬಹಳ ಇರಲಿಲ್ಲ. ಗಾದಿಲಿಂಗನ ಬೆರಳು ಅವರಿಗೆ ಒಳ್ಳೆ ಕಾಲಕ್ಕೆ ಸಿಕ್ಕಿತು. ಕನ್ನಡಕ ಏರಿಸಿ ಹೆಬ್ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನ್ರೀ ಗಾದಿಲಿಂಗಪ್ಪ, ಇದು ಬೆರಳೋ, ಮಸಾಲಿ ಅರಿಯೋ ಗುಂಡಕಲ್ಲೋ?" ಎಂದರು. "ಹೆದರಬ್ಯಾಡ್ರಿ. ಗೆರಿ ಎಲ್ಲೂ ಹೋಗಿರಂಗಿಲ್ಲ, ಒಳಗ ಅದಾವ. ಜಿಡ್ಡು ತಾಗಿದ್ರ ಎದ್ದು ಬರತಾವ."

ಜಿಡ್ಡು ಎಲ್ಲಿ ಅಂದರೆ ಅವರ ತಲೆಯಲ್ಲಿಯೇ ಇತ್ತು. ದಿನಾ ಬೆಳಿಗ್ಗೆ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಕುಡಿಯುವ ತಲೆ. ತಾವೇ ಬಗ್ಗಿ ನಿಂತು, ಬೋಳು ನಡುನೆತ್ತಿಯನ್ನು ತೋರಿಸಿ, ಸಂಕೋಚ ಬೇಡ, ಚೆನ್ನಾಗಿ ತಿಕ್ಕಿ ಎಂದರು. ಗಾದಿಲಿಂಗ ಹೆಬ್ಬೆರಳಿನಿಂದ ಮೇಲಧಿಕಾರಿಯ ನೆತ್ತಿಯನ್ನು ತಿಕ್ಕುತ್ತಿರುವಾಗಲೇ ರಾತ್ರಿ ಶಿಫ್ಟ್ ಮುಗಿಸಿದ ಹನ್ನೆರಡು ಜನ ಬೆರಳೊತ್ತಲು ಬಂದು ಸಾಲಾಗಿ ನಿಂತರು. ಯಾರೂ ನಗಲಿಲ್ಲ. ಒಬ್ಬ ಮಾತ್ರ ಇಬ್ಬರಿಗೂ ಕೈಮುಗಿದ. ಎಣ್ಣೆ ಮೆತ್ತಿದ ಬೆರಳನ್ನು ಯಂತ್ರಕ್ಕೆ ಒತ್ತಿದರೆ ಗಾಜಿಗೆ ಜಿಡ್ಡು ಹಿಡಿದು, ಗಾದಿಲಿಂಗನದಿರಲಿ, ಆ ಹನ್ನೆರಡು ಜನರ ಬೆರಳೂ ತೆಗೆದುಕೊಳ್ಳಲಿಲ್ಲ. ಅವರು ಅರ್ಧ ಗಂಟೆ ಬೈಯುತ್ತ ಕಾದರು. ಶ್ರೀಲಕ್ಷ್ಮೀ ತನ್ನ ದುಪಟ್ಟಾದಿಂದಲೇ ಗಾಜು ಒರೆಸಿದಳು.

ಹನ್ನೊಂದಕ್ಕೆ ಕ್ಯಾಂಟೀನಿನ ಯಲ್ಲಕ್ಕನ ಸರದಿ. ಆಕೆಗೂ ಪಾತ್ರೆ ತಿಕ್ಕಿ ತಿಕ್ಕಿ ಇದೇ ಕಷ್ಟ ಬಂದಿತ್ತಂತೆ, ಬಿಸಿನೀರಿಗೆ ಉಪ್ಪು ಹಾಕಿ ಬೆರಳು ಇಟ್ಟು ಕೂತಿದ್ದಕ್ಕೆ ಸರಿಹೋಯಿತಂತೆ. ಗಾದಿಲಿಂಗ ಕ್ಯಾಂಟೀನಿನ ಮೂಲೆಯಲ್ಲಿ ಸ್ಟೀಲು ಲೋಟದೊಳಗೆ ಹೆಬ್ಬೆರಳು ಇಳಿಸಿ ಒಂದು ಗಂಟೆ ಕೂತ. ಚಹಾಕ್ಕೆ ಬಂದವರೆಲ್ಲ ಲೋಟದಲ್ಲಿ ಇಣುಕಿ ನೋಡಿ, ಒಂದೊಂದು ಉಪದೇಶ ಹೇಳಿ ಹೋದರು. ಒಬ್ಬ ನಿಂಬೆಹಣ್ಣು ಅಂದ, ಒಬ್ಬ ಸುಣ್ಣ ಅಂದ, ಇನ್ನೊಬ್ಬ ಮಲಪನಗುಡಿಯಲ್ಲಿ ನಾಟಿ ಔಷಧಿ ಕೊಡುವವರಿದ್ದಾರೆ, ಆದರೆ ಅವರು ಮುರಿದ ಕೈಕಾಲು ಮಾತ್ರ ನೋಡುತ್ತಾರೆ ಎಂದ. ಬೆರಳು ಹೊರಗೆ ತೆಗೆದಾಗ ನೆನೆದು ಸುಕ್ಕುಗಟ್ಟಿತ್ತು. ಯಂತ್ರ ಮೊದಲ ಸಲ 'ಟ್ರೈ ಅಗೇನ್' ಅನ್ನದೆ ಒಂದು ಕ್ಷಣ ಯೋಚಿಸಿತು. ಆಮೇಲೆ ಅದು ಹಳೆಯ ಮಾತನ್ನೇ ಹೇಳಿತು.

ಗಾದಿಲಿಂಗ ಬೆರಳನ್ನು ಅಂಗಿಗೆ ಒರೆಸಿಕೊಂಡ. ಮತ್ತೆ ಆ ಅಂಗಡಿ, ಮತ್ತೆ ಆ ಧೂಳು, ಮತ್ತೆ ನಡುರಾತ್ರಿ ಎದ್ದು ಕೂತು ಕೆಮ್ಮುವುದು. ಅದಕ್ಕಿಂತ ಹೆಚ್ಚಾಗಿ ಪಂಪಾವತಿಯ ಮುಖ ಕಣ್ಣಮುಂದೆ ಬಂತು. ನಮ್ಮನೆಯವರು ಇನ್ನು ಎ.ಸಿ.ಯಲ್ಲಿ ಕೂರುವವರು ಎಂದು ಅವಳು ಓಣಿಯ ಎರಡೂ ತುದಿಗೆ ಸಾರಿಯಾಗಿತ್ತು. ಹೆಬ್ಬೆರಳಿನ ಕತೆಯನ್ನು ಅವನು ಅವಳಿಗೆ ಹೇಳಿರಲೇ ಇಲ್ಲ.

ಮಧ್ಯಾಹ್ನ ಶೀನಪ್ಪನವರು ಕೊನೆಯ ತೀರ್ಪು ಕೊಟ್ಟರು. ಒತ್ತಿ ಒತ್ತಿ ಬೆರಳು ದಣಿದಿದೆ, ಅದಕ್ಕೆ ವಿಶ್ರಾಂತಿ ಬೇಕು. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಎರಡು ತಾಸು ಮನೆಯಲ್ಲಿ ಮಲಗಿ, ನಾಲ್ಕೂವರೆಗೆ ಬಂದು ಒತ್ತಿದರೆ ಗೆರೆ ತಾನಾಗಿ ಮೇಲೆ ಬರುತ್ತದೆ. ಪರ್ಮಿಷನ್ನಿಗೆ ತಾವೇ ಸಹಿ ಹಾಕಿ, ತಾವೇ ಫಸ್ಟ್ ಏಡ್ ಪೆಟ್ಟಿಗೆಯಿಂದ ಬಟ್ಟೆ ತೆಗೆದು, ಬೆರಳನ್ನು ತೆಂಗಿನಕಾಯಿಯಷ್ಟು ದಪ್ಪ ಸುತ್ತಿ ಕಳಿಸಿದರು.

ಬ್ಯಾಂಡೇಜು ಕಂಡದ್ದೇ ಪಂಪಾವತಿ ಹೌಹಾರಿದಳು.

"ಅಲ್ಲಿ ಹೋಗಿನೂ ಉಳಿ ಹಿಡದ್ರೇನು? ನನ್ನ ತಲಿ ಮ್ಯಾಲೆ ಕೈ ಇಟ್ಟು ಹೇಳೀರಿ, ನೆನಪಿರಲಿ."

"ಇಲ್ಲ ಮಾರಾಯ್ತಿ," ಎಂದ ಗಾದಿಲಿಂಗ. ಬಾಯಿಗೆ ಬಂದದ್ದು ಹೇಳಿದ. "ಬರದು ಬರದು ನೋವಾಗೇತಿ. ಪೆನ್ನು ಹಿಡಿಯೋದು ರೂಢಿ ಇಲ್ಲ ನೋಡು."

ಪಂಪಾವತಿಯ ಮುಖ ಅರಳಿದ್ದನ್ನು ನೋಡಬೇಕಿತ್ತು. ಗಂಡನ ಬೆರಳು ಬರವಣಿಗೆಯಿಂದ ಬಾತುಕೊಂಡ ಮನೆ ಆ ಓಣಿಯಲ್ಲಿ ಬೇರೊಂದು ಇರಲಿಲ್ಲ. ಅನ್ನಕ್ಕೆ ಸಾರು ಬಡಿಸಿ, ಅವನಿಗೆ ಎಡಗೈಗೆ ಚಮಚ ಕೊಟ್ಟು, ಸೆರಗು ಸರಿಮಾಡಿಕೊಂಡು, ಎದುರು ಮನೆಯ ಎರ್ರೆಮ್ಮನಿಗೆ ಒಂದು ಮಾತು ಹೇಳಿ ಬರುತ್ತೇನೆ ಎಂದು ಹೋದಳು. ಅವಳ ಒಂದು ಮಾತು ಎಷ್ಟು ಹೊತ್ತಿನದೆಂದು ಗಾದಿಲಿಂಗನಿಗೆ ಗೊತ್ತಿತ್ತು. ಚಾಪೆ ಹಾಸಿ, ಬೆರಳನ್ನು ದಿಂಬಿನ ಮೇಲಿಟ್ಟು, ತಾನು ಬರಿ ನೆಲಕ್ಕೆ ತಲೆಕೊಟ್ಟು ಮಲಗಿದ.

ನಿದ್ದೆ ಎಲ್ಲಿಂದ ಬರಬೇಕು. ಮೂರೂವರೆಗೆ ಹೊರಗೆ ಟೆಂಪೋ ನಿಂತ ಸದ್ದಾಯಿತು. ಕಂಪ್ಲಿಯ ಪಕೀರಪ್ಪ ಬಂದಿದ್ದ. ಗಾದಿಲಿಂಗ ಅಂಗಡಿ ಮುಚ್ಚುವ ಮುಂಚೆ ಮಾಡಿದ ಕೊನೆಯ ಕೆಲಸ ಅವನ ದೇವರ ಮಂಟಪ. ನಾಲ್ಕು ಕಂಬ, ಎದುರಿಗೆ ಬಳ್ಳಿ ಕೆತ್ತನೆ, ಮೇಲೆ ಕಲಶ. ಹಿಂಬದಿಯ ಹಲಗೆಯೊಂದನ್ನು ಮಾತ್ರ ಉಜ್ಜಿರಲಿಲ್ಲ. ಉಜ್ಜಲು ಹೊರಟಾಗ ಪಂಪಾವತಿ ಪಾಲಿಶ್ ಪೇಪರು ಕಿತ್ತುಕೊಂಡು, ಹೇಗೂ ಗೋಡೆಗೆ ತಾಗುವ ಭಾಗ, ಸಾಕು ಎಂದಿದ್ದಳು. ಗರಗಸದ ಗೆರೆಗಳು ಆ ಹಲಗೆಯ ತುಂಬ ಹಾಗೆಯೇ ಇದ್ದವು.

ಪಕೀರಪ್ಪ ಮತ್ತು ಟೆಂಪೋದವನು ಮಂಟಪವನ್ನು ಎತ್ತಿದ್ದೇ ತಡ, ಹಿಂಬದಿಯ ಹಲಗೆ ಕೆಳಗಿನ ಮೂಲೆಯಲ್ಲಿ ಚಟ್ಟನೆ ಬಿಟ್ಟುಕೊಂಡಿತು. ಬೆರಳು ತೂರುವಷ್ಟು ಸಂದು. ಪಕೀರಪ್ಪ ಸಜ್ಜನ. ನಾಳೆ ಬೆಳಿಗ್ಗೆ ಮನೆಯಲ್ಲಿ ಪೂಜೆ ಇದೆ, ಹೀಗೇ ಒಯ್ದು ಗೋಡೆಗೆ ಒತ್ತಿ ಇಡುತ್ತೇನೆ, ಯಾರಿಗೆ ಕಾಣಬೇಕು ಎಂದ. ಹೂಂ ಎಂದು ಕಳಿಸಿಬಿಟ್ಟಿದ್ದರೆ ಈ ಕತೆ ಇಲ್ಲಿಗೇ ನಿಲ್ಲುತ್ತಿತ್ತು, ಗಾದಿಲಿಂಗನ ಪಾಡು ಅವನಿಗೆ. ಆದರೆ ಅವನಿಗೆ ಆ ಸಂದನ್ನು ನೋಡಲಾಗಲಿಲ್ಲ. ತಾನು ಕೂಡಿಸಿದ ಹಲಗೆ, ಅದೂ ಕೊನೆಯ ಕೆಲಸದ್ದು, ಬಾಯಿ ಬಿಟ್ಟುಕೊಂಡು ಕಂಪ್ಲಿಗೆ ಹೋಗುವುದೆಂದರೇನು?

ಎರ್ರೆಮ್ಮನ ಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿದ. ಪಂಪಾವತಿಯ ದನಿ ಇನ್ನೂ ಕೇಳುತ್ತಿತ್ತು. ಬ್ಯಾಂಡೇಜು ಬಿಚ್ಚಿ ಎಸೆದ. ಕಪಾಟಿನ ಮೇಲೆ ಬಿಳಿ ಅಂಟಿನ ಅರ್ಧ ಬಾಟಲಿ ಉಳಿದಿತ್ತು. ಸಂದಿಗೆ ಅಂಟು ಸುರಿದು ಹಲಗೆಯನ್ನು ಒತ್ತಿದ. ಅಂಟು ಹಿಡಿಯುವವರೆಗೆ ಬಿಗಿಯಾಗಿಡಲು ಕ್ಲ್ಯಾಂಪು ಬೇಕಿತ್ತು. ಕ್ಲ್ಯಾಂಪು ಮಾರಿ ತಿಂಗಳಾಗಿತ್ತು. ಬಲಗೈ ಹೆಬ್ಬೆರಳನ್ನೇ ಕ್ಲ್ಯಾಂಪು ಮಾಡಿಕೊಂಡು, ಹಲಗೆಯ ಮೂಲೆಗೆ ಊರಿ ಇಪ್ಪತ್ತು ನಿಮಿಷ ಕೂತ. ಹೊಸಪೇಟೆಯ ಬಿಸಿಲಿಗೆ ಅಂಟು ಜಲ್ದಿ ಎಳೆದುಕೊಂಡಿತು. ಪಕೀರಪ್ಪ ಅಷ್ಟು ಹೊತ್ತೂ ಕಂಪ್ಲಿಯ ಭತ್ತದ ಸುದ್ದಿ ಹೇಳಿದ. ಗಾದಿಲಿಂಗ ಗಡಿಯಾರ ನೋಡುತ್ತ ಹೂಂಗುಟ್ಟಿದ.

ಬೆರಳು ಬಿಡಿಸಿಕೊಂಡಾಗ ನಾಲ್ಕು ಗಂಟೆ. ಮೂಲೆ ಉಕ್ಕಿನಂತೆ ಕೂತಿತ್ತು. ಆದರೆ ಹೆಬ್ಬೆರಳು ಊರಿದ ಜಾಗದಲ್ಲಿ ಅಂಟಿನ ಮಬ್ಬು ಕಲೆ ಉಳಿದಿತ್ತು. ಅದೊಂದು ಕಲೆ ಸಾಕು, ಬಡಗಿಯ ಮಾನ ಕಳೆಯಲು. ಎಡಗೈಯಿಂದ ಪಾಲಿಶ್ ಪೇಪರಿನ ಚೂರು ಹುಡುಕಿ ಕಲೆಯನ್ನು ಉಜ್ಜಿದ. ಅಷ್ಟು ಜಾಗ ನುಣ್ಣಗಾದ ಮೇಲೆ ಪಕ್ಕದ ಒರಟು ಕಣ್ಣಿಗೆ ಹೊಡೆಯಿತು, ಅದನ್ನೂ ಉಜ್ಜಿದ. ಹೀಗೆ ಹದಿನೈದು ನಿಮಿಷ ಕೆಮ್ಮುತ್ತ ಕೆಮ್ಮುತ್ತ ಪೂರಾ ಹಲಗೆ ಮುಗಿಸಿಯೇ ಮೇಲೆದ್ದ. ಪಕೀರಪ್ಪ ಮಂಟಪ ಏರಿಸಿಕೊಂಡು, ಬಜಾರಿನಲ್ಲಿ ಗಂಟೆ, ದೀಪದ ಸಮೆ ಕೊಳ್ಳಬೇಕು ಎಂದು ಹೊರಟ. ಗಾದಿಲಿಂಗನಿಗೆ ಕೈ ತೊಳೆಯಲೂ ಹೊತ್ತಿರಲಿಲ್ಲ. ಆಟೋ ಹತ್ತಿದ.

ಆಟೋದಲ್ಲಿ ಕೂತವನು ಮನೆದೇವರಿಗೆ ಹರಕೆ ಹೊತ್ತ. ಅರ್ಧ ದಾರಿಯಲ್ಲಿ ಮುಂದೆ ಅದಿರು ಲಾರಿಗಳ ಸಾಲು ನಿಂತದ್ದು ಕಂಡು ಇನ್ನೊಂದು ಹರಕೆ ಸೇರಿಸಿದ. ಕಂಪನಿ ಮುಟ್ಟಿದಾಗ ಐದಕ್ಕೆ ಎಂಟು ನಿಮಿಷ. ಯಂತ್ರದ ಮುಂದೆ ಶ್ರೀಲಕ್ಷ್ಮೀ, ಶೀನಪ್ಪ, ಯಲ್ಲಕ್ಕ, ಇನ್ನೂ ಏಳೆಂಟು ಜನ ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ಹಾಗೆ ನಿಂತಿದ್ದರು. ಗಾದಿಲಿಂಗ ಕಣ್ಣುಮುಚ್ಚಿ ಹೆಬ್ಬೆರಳು ಒತ್ತಿದ.

ಯಂತ್ರ ಟಿಂಗ್ ಅಂದಿತು. ಹಸಿರು ದೀಪ ಹತ್ತಿತು. ಇನ್ನೆರಡು ಸಲ ಒತ್ತಿರಿ ಎಂದು ಪರದೆಯ ಮೇಲೆ ಬಂತು. ಎರಡನೆಯ ಸಲವೂ ಟಿಂಗ್. ಮೂರನೆಯ ಸಲ ಆ ಹೆಂಗಸು ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಬೇರೆ ಮಾತಾಡಿದಳು. 'ಥ್ಯಾಂಕ್ ಯೂ' ಎಂದಳು.

ಯಲ್ಲಕ್ಕ ಎರಡೂ ಕೈಯಿಂದ ಅವನ ದೃಷ್ಟಿ ತೆಗೆದಳು. ಶೀನಪ್ಪನವರು, ಇದೆಲ್ಲ ವಿಶ್ರಾಂತಿಯ ಮಹಿಮೆ, ತಾವು ಆವಾಗಲೇ ಹೇಳಿರಲಿಲ್ಲವೇ ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತ ತಮ್ಮ ಖರ್ಚಿನಲ್ಲಿ ಮಂಡಕ್ಕಿ ಮಿರ್ಚಿ ತರಿಸಿದರು. ಗಾದಿಲಿಂಗ ತನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೋಗಿ ಕೂತ. ಎ.ಸಿ.ಯ ಗಾಳಿ ಮುಖಕ್ಕೆ ತಾಗಿತು. ಎದೆಯೊಳಗೆ ಗಾಳಿ ಸರಾಗವಾಗಿ ಹೋಗಿಬಂದಂತೆನಿಸಿ ಅವನ ಕಣ್ಣು ತುಂಬಿತು. ಪಂಪಾವತಿಗೆ ಇನ್ನು ನಿಜ ಹೇಳಬಹುದು ಅಂದುಕೊಂಡ.

ಮಿರ್ಚಿ ತಿನ್ನುವ ಮುಂಚೆ ಕೈ ತೊಳೆಯಲು ನಲ್ಲಿಗೆ ಹೋದ. ಸೋಪು ಹಚ್ಚಿ ತಿಕ್ಕುವಾಗ ಹೆಬ್ಬೆರಳಿನ ತುದಿಯಿಂದ ಏನೋ ಪೊರೆಯ ಹಾಗೆ ಸುಲಿದು ಬಂತು. ಅಂಟು. ಬಡಗಿಯ ಕೈಗೆ ಒಣಗಿದ ಅಂಟು ಹೊಸದಲ್ಲ, ಸುಲಿದು ಎಸೆಯುವುದೂ ಹೊಸದಲ್ಲ. ಎಸೆಯಲು ಹೋದವನು ಹಾಗೇ ಸುಮ್ಮನೆ ಬೆಳಕಿಗೆ ಹಿಡಿದ. ಉಗುರಿನಷ್ಟಗಲದ ಆ ಪೊರೆಯ ಮೇಲೆ ಸಾಲುಸಾಲಾಗಿ ಸಣ್ಣ ಗೆರೆಗಳಿದ್ದವು. ಯಂತ್ರ ಯಾವುದನ್ನು ಇವನ ಗುರುತೆಂದು ನಂಬಿ ಥ್ಯಾಂಕ್ ಯೂ ಅಂದಿತ್ತೋ ಅದು ಇವನ ಬೆರಳಲ್ಲ. ಪಕೀರಪ್ಪನ ದೇವರ ಮಂಟಪದ ಹಿಂಬದಿಯ ಹಲಗೆ.

ಪೊರೆಯನ್ನು ಮತ್ತೆ ಬೆರಳಿಗೆ ಅಂಟಿಸಲು ನೋಡಿದ. ಒದ್ದೆ ಕೈಯಲ್ಲಿ ಅದು ಮುದುಡಿ, ಹರಿದು, ನೀರಿನ ಜೊತೆ ಮೋರಿ ಸೇರಿತು. ಗಾದಿಲಿಂಗ ನಲ್ಲಿ ಹಿಡಿದು ನಿಂತ.

ಐದೂವರೆಗೆ ಶಿಫ್ಟ್ ಮುಗಿಯಿತು. ಹೊರಗೆ ಹೋಗುವಾಗಲೂ ಬೆರಳು ಒತ್ತಬೇಕು. ಎಲ್ಲರೂ ಅವನನ್ನೇ ಮುಂದೆ ಬಿಟ್ಟರು, ಹೊಸ ಮದುಮಗನನ್ನು ಬಿಟ್ಟಂತೆ. ಗಾದಿಲಿಂಗ ಒತ್ತಿದ. 'ಪ್ಲೀಸ್ ಟ್ರೈ ಅಗೇನ್.' ಶೀನಪ್ಪನವರ ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ಆಗ ಗಾದಿಲಿಂಗ ತಡೆಯಲಾರದೆ ಹಲಗೆಗೆ ಅಂಟು ಹಾಕಿದ್ದು, ಪೊರೆ ಸುಲಿದು ಮೋರಿ ಸೇರಿದ್ದು ಹೇಳಿಬಿಟ್ಟ.

ಶ್ರೀಲಕ್ಷ್ಮೀ ತಲೆಯ ಮೇಲೆ ಕೈಹೊತ್ತು ಕಂಪ್ಯೂಟರಿನ ಮುಂದೆ ಕೂತಳು. ಒಮ್ಮೆ ದಾಖಲಾದ ಗುರುತನ್ನು ಒಂದು ವರ್ಷ ಬದಲಿಸುವಂತಿಲ್ಲ. ದಾಖಲಾದ ದಿನವೇ ಆರು ಗಂಟೆಯೊಳಗೆ ಅದೇ ಗುರುತಿನಿಂದ ಹಾಜರಿ ಬೀಳದಿದ್ದರೆ ಈ ನೇಮಕ ರದ್ದು.

"ಅದೇ ಗೆರಿ ಬೇಕ್ರಿ ಸರ," ಎಂದಳು. ಅವಳ ಕಣ್ಣಲ್ಲೂ ನೀರಿತ್ತು. "ಯಾರದಾರ ಇರಲಿ, ಸಿಸ್ಟಂಗೆ ಅದೇ ಬೇಕು."

ಶೀನಪ್ಪನವರು ಇಂಥ ಹೊತ್ತಿಗೇ ಹುಟ್ಟಿದವರು. ಹಲಗೆ ಎಲ್ಲಿದೆ, ಪಕೀರಪ್ಪನ ನಂಬರು ಕೊಡಿ ಎಂದರು. ಫೋನು ಹೋಯಿತು. ಪಕೀರಪ್ಪ ಸಾಮಾನೆಲ್ಲ ಕೊಂಡು ಹೊರಟು, ಈಗ ರೈಲ್ವೆ ಗೇಟಿನ ಹತ್ತಿರ ನಿಂತಿದ್ದ, ಗೇಟು ಬಿದ್ದಿತ್ತು. ಅಲ್ಲಿಗೆ ಸ್ಕೂಟರಿನಲ್ಲಿ ಐದು ನಿಮಿಷದ ದಾರಿ. ಅಂಟು ಹಚ್ಚಿ, ಅದೇ ಜಾಗಕ್ಕೆ ಒತ್ತಿ, ಊದಿ ಒಣಗಿಸಿಕೊಂಡು ಬಂದರೆ ಆರರೊಳಗೆ ಯಂತ್ರಕ್ಕೆ ತೋರಿಸಬಹುದು. ದಿನಾ ಏನು ಮಾಡುವುದು ಎಂದು ಯಾರೋ ಕೇಳಿದ್ದಕ್ಕೆ, ಆ ಹಲಗೆಯನ್ನೇ ಬಿಚ್ಚಿಸಿ ಸ್ಟೋರಿನಲ್ಲಿಟ್ಟರಾಯಿತು ಎಂದರು. ಸ್ಟೋರ್ ಸಹಾಯಕ ಗಾದಿಲಿಂಗ ತನ್ನ ಕೈಯಾರೆ ಆ ದಿನ ಹೊರಗೆ ಕೊಟ್ಟ ಒಂದೇ ಒಂದು ವಸ್ತು ಬಿಳಿ ಅಂಟಿನ ಬಾಟಲಿ. ಪಡೆದವರ ಹೆಸರಿನ ಮುಂದೆಯೂ ಅವನದೇ ಸಹಿ.

ಸ್ಕೂಟರು ಹಾರಿತು. ಶೀನಪ್ಪನವರ ವಯಸ್ಸಿಗೂ ಆ ಸ್ಕೂಟರಿನ ವಯಸ್ಸಿಗೂ ಅದು ಸಲ್ಲದ ವೇಗ. ಹಿಂದೆ ಕೂತ ಗಾದಿಲಿಂಗ ಹೆಬ್ಬೆರಳನ್ನು ಧೂಳು ತಾಗದಂತೆ ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದ. ಗೇಟಿನ ಮುಂದೆ ವಾಹನಗಳು ಸಾಲುಗಟ್ಟಿದ್ದವು. ಅದಿರು ತುಂಬಿದ ಗೂಡ್ಸ್ ರೈಲು ಇನ್ನೂ ಹಾದುಹೋಗುತ್ತಲೇ ಇತ್ತು, ಅದರ ಬಾಲ ಕಾಣುತ್ತಿರಲಿಲ್ಲ. ಟೆಂಪೋ ಸಿಕ್ಕಿತು. ಗಡಿಯಾರ ಐದು ನಲವತ್ತು.

ಗಾದಿಲಿಂಗ ಟೆಂಪೋ ಹತ್ತಿ, ಬಾಟಲಿಯ ಮುಚ್ಚಳ ಹಲ್ಲಿನಿಂದ ಕಿತ್ತು, ಹೆಬ್ಬೆರಳಿಗೆ ಅಂಟು ಸುರಿದುಕೊಂಡು, ಮಂಟಪಕ್ಕೆ ಹೊದಿಸಿದ್ದ ಗೋಣಿಯನ್ನು ಸರಿಸಿ ಹಿಂಬದಿಗೆ ಕೈ ಹಾಕಿದ. ಬೆರಳು ಎಲ್ಲೂ ತಡೆಯಲಿಲ್ಲ. ಮೂಲೆಗೆ ಒಯ್ದ. ಜಾರಿತು. ನಡುವಿಗೆ ತಂದ. ಜಾರಿತು. ಮೇಲಿನಿಂದ ಕೆಳಗಿನವರೆಗೆ ಹಲಗೆ ಅವನ ಹೆಬ್ಬೆರಳಿನಷ್ಟೇ ನುಣುಪಾಗಿತ್ತು. ಒಂದೂವರೆ ತಾಸಿನ ಹಿಂದೆ, ಕೆಮ್ಮುತ್ತ ಕೆಮ್ಮುತ್ತ, ಒಂದು ಗೆರೆಯನ್ನೂ ಉಳಿಸದೆ ಉಜ್ಜಿದ್ದು ಅವನಿಗೆ ಈಗ ನೆನಪಾಯಿತು. ಟೆಂಪೋದಲ್ಲೇ ಕೂತುಬಿಟ್ಟ.

ಕೆಳಗಿನಿಂದ ಶೀನಪ್ಪನವರು ಸಿಕ್ಕಿತೇ ಸಿಕ್ಕಿತೇ ಎಂದು ಕೂಗುತ್ತಿದ್ದರು. ಕೊನೆಗೆ ತಾವೂ ಕಷ್ಟಪಟ್ಟು ಹತ್ತಿ, ಹಲಗೆಯನ್ನು ಸವರಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ರೈಲು ಇನ್ನೂ ಹೋಗುತ್ತಲೇ ಇತ್ತು. ಗಾದಿಲಿಂಗನ ಹೆಬ್ಬೆರಳಿನಿಂದ ಅಂಟು ತೊಟ್ಟಿಕ್ಕಿ ಗೋಣಿಯ ಮೇಲೆ ಬೀಳುತ್ತಿತ್ತು.

ಪಕೀರಪ್ಪನಿಗೆ ಇದರ ತಲೆಬುಡ ತಿಳಿಯಲಿಲ್ಲ. ಆದರೆ ಕೊಟ್ಟ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ದಾರಿಯ ನಡುವೆ ಓಡಿಬಂದು ಮುಟ್ಟಿ ನೋಡುವ ಬಡಗಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನ ಮನಸ್ಸು ತುಂಬಿಬಂತು. ಬಜಾರಿನಲ್ಲಿ ನಮ್ಮ ಊರಿನ ಮೂರು ಜನ ಸಿಕ್ಕಿದ್ದರು, ಮಂಟಪ ನೋಡಿ ಮರುಳಾಗಿ ಮೂವರೂ ತಮಗೊಂದೊಂದು ಬೇಕೆಂದಿದ್ದಾರೆ, ಕೆಲಸ ಬಂದ್ ಎಂಬ ಫಲಕ ಹಾಕಿದರೇನಾಯಿತು, ಗಾದಿಲಿಂಗಪ್ಪ ನನ್ನ ಮಾತು ತೆಗೆದುಹಾಕುವವನಲ್ಲ ಎಂದು ಮೂವರಿಗೂ ಮಾತು ಕೊಟ್ಟುಬಿಟ್ಟಿದ್ದೇನೆ ಎಂದ.

ಗಾದಿಲಿಂಗ ಬಾಯಿ ತೆರೆದ. ಮಾತು ಬರುವ ಮೊದಲು ಕೆಮ್ಮು ಬಂತು. ಕೆಮ್ಮಿ ಮುಗಿಯುವಷ್ಟರಲ್ಲಿ ಆರು ಗಂಟೆ ಆಗಿತ್ತು, ಗೇಟು ಎದ್ದಿತ್ತು, ಹಿಂದಿನ ಗಾಡಿಗಳು ಹಾರನ್ ಬಡಿಯುತ್ತಿದ್ದವು. ಶೀನಪ್ಪನವರು ಅವನನ್ನು ತೋಳು ಹಿಡಿದು ಕೆಳಗಿಳಿಸಿದರು. ಟೆಂಪೋ ಮುಂದಕ್ಕೆ ಹೊರಟಿತು. ಪಕೀರಪ್ಪ ತಲೆ ಹೊರಗೆ ಹಾಕಿ ಕೂಗಿ ಹೇಳಿದ.

"ಅವ್ರದು ಒಂದ ಕರಾರು ನೋಡ್ರಿ ಗಾದಿಲಿಂಗಪ್ಪ. ಹಿಂದ್ಗಡಿ ಹಲಗಿನೂ ಹಿಂಗ ಇರಬೇಕಂತ. ಒಂದ ಗೆರಿನೂ ಕಾಣಬಾರ್ದಂತ."